ಐದು ಪೀರಿಯಡ್ ಪಾಠ, ಗಂಟಲು ಕಟ್ಟದ ಹಾಗೆ

ಪಾಠ ಮಾಡುವವರ ಗಂಟಲು ಕೆಟ್ಟರೆ ಸ್ಟಾಫ್ ರೂಮಿನಲ್ಲಿ ಸಿಗುವ ಸಲಹೆಗಳು ಗೊತ್ತೇ ಇವೆ: ಬಿಸಿನೀರು, ಜ್ಯೇಷ್ಠಮಧು, ಕಲ್ಲುಸಕ್ಕರೆ-ಮೆಣಸು. ಬಾಯಿಗೆ ಹಿತ, ಬೇಡ ಅನ್ನುವುದಿಲ್ಲ. ಆದರೆ ನುಂಗಿದ್ದೆಲ್ಲ ಅನ್ನನಾಳಕ್ಕೆ ಇಳಿಯುತ್ತದೆ. ಧ್ವನಿತಂತುಗಳಿರುವುದು ಉಸಿರಿನ ದಾರಿಯಲ್ಲಿ. ಅಲ್ಲಿಗೆ ಒಂದು ಹನಿ ತಾಗಿದರೂ ಕೆಮ್ಮು ಬರುತ್ತದೆ. ಮಾತಾಡುವಾಗ ಗಂಡಸರ ತಂತುಗಳು ಸೆಕೆಂಡಿಗೆ 100-120 ಸಲ, ಹೆಂಗಸರದು 200ರ ಆಸುಪಾಸು ಒಂದಕ್ಕೊಂದು ಬಡಿಯುತ್ತವೆ. ದನಿ ಏರಿಸಿದಷ್ಟೂ ಪೆಟ್ಟು ಜೋರು. ಹಾಗಾಗಿ ನಾನು ಮೊದಲು ಕೈಹಾಕಿದ್ದು ಗಂಟಲಿಗಲ್ಲ, ತರಗತಿಯ ಗದ್ದಲಕ್ಕೆ.

ಸುತ್ತ ಸದ್ದಿದ್ದರೆ ನಮಗೇ ಗೊತ್ತಾಗದೆ ದನಿ ಏರುತ್ತದೆ. ಇದಕ್ಕೆ ಲೊಂಬಾರ್ಡ್ ಪರಿಣಾಮ ಎಂದು ಹೆಸರು. ಬೇಕೆಂದು ಮಾಡುವುದಲ್ಲವಾದ್ದರಿಂದ 'ಮೆಲ್ಲಗೆ ಮಾತಾಡುತ್ತೇನೆ' ಎಂಬ ನಿರ್ಧಾರ ಹತ್ತು ನಿಮಿಷ ನಿಲ್ಲುವುದಿಲ್ಲ, ಸದ್ದನ್ನೇ ಇಳಿಸಬೇಕು. ಕಟಕಟ ಎನ್ನುವ ಫ್ಯಾನ್ ಆಫ್, ವರಾಂಡದ ಕಡೆಯ ಬಾಗಿಲು ಮುಂದಕ್ಕೆ. ಮಕ್ಕಳನ್ನು ಸುಮ್ಮನಿರಿಸಲು ಕೂಗುವ ಬದಲು ಮೇಜಿಗೆ ಎರಡು ಏಟು, ಆಮೇಲೆ ಕಾಯುವುದು. ಬೋರ್ಡಿನ ಮೇಲೆ ಬರೆಯುವಾಗ ಬಾಯಿ ಮುಚ್ಚಿರುತ್ತೇನೆ: ಗೋಡೆಗೆ ಹೇಳಿದ ಮಾತು ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ, ಚಾಕ್ ಪುಡಿ ಮಾತ್ರ ಒಳಗೆ ಹೋಗುತ್ತದೆ. ಬಯಲಿನಲ್ಲಿ ದೂರ ಎರಡರಷ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯಲ್ಲಿ ಸ್ವಲ್ಪ ಕಡಿಮೆ. ಅದಕ್ಕೇ ವಿವರಿಸುವಾಗ ಬೆಂಚುಗಳ ಸಾಲಿನ ನಡುವೆ ಹೋಗಿ ನಿಲ್ಲುವುದು. ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯತೊಡಗಿತೋ, ಪಾಠ ಬಂದ್, ಬರೆಯುವ ಕೆಲಸ ಶುರು. ಆ ಸದ್ದಿನ ಜೊತೆ ಜಿದ್ದಿಗೆ ಬಿದ್ದು ಗೆದ್ದವರಿಲ್ಲ.

ಸೊಂಟಕ್ಕೆ ಕಟ್ಟುವ ಪುಟ್ಟ ಆಂಪ್ಲಿಫೈಯರ್ ಬಳಸಲು ಹಲವರಿಗೆ ಸಂಕೋಚ. 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ದನಿ ಕೆಟ್ಟ ಶಿಕ್ಷಕರಿಗೆ ಇಂಥ ಮೈಕಿನಿಂದ ಅನುಕೂಲವಾಯಿತು. ಗಂಟಲಿನ ಆರೈಕೆಯ ಪಾಠವನ್ನಷ್ಟೇ ಕೇಳಿದವರಿಗೆ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ಮೈಕು ತುಟಿಯ ಕೊನೆಯಿಂದ ಎರಡು ಬೆರಳು ದೂರ, ಪಕ್ಕಕ್ಕಿರಲಿ. ನೇರ ಎದುರಿಗಿದ್ದರೆ ಪ, ಬ ಬಂದಾಗಲೆಲ್ಲ ಉಸಿರು ಬಡಿದು ಢಬ್ ಎನ್ನುತ್ತದೆ. ಪೆಟ್ಟಿಗೆಯನ್ನು ಮೇಜಿನ ಮೇಲೆ ಮಕ್ಕಳ ಕಡೆ ಮುಖ ಮಾಡಿಟ್ಟು ನಾವು ಅದರ ಹಿಂದೆ ನಿಂತರೆ ಕುಯ್ಯೋ ಎಂಬ ಕಿರುಚಾಟ ಇರುವುದಿಲ್ಲ. ಪಕ್ಕದಲ್ಲಿ ಕೂತವರೊಡನೆ ಆಡುವಷ್ಟೇ ದನಿಯಲ್ಲಿ ಮಾತಾಡಿ, ಕೊನೆಯ ಬೆಂಚಿಗೆ ಕೇಳುವಷ್ಟು ಮಾತ್ರ ವಾಲ್ಯೂಮ್ ಕೊಡಬೇಕು. ಮೈಕು ಹಾಕಿಕೊಂಡೂ ಕೂಗುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಪ್ರಾರ್ಥನೆಗೆ ಮುಂಚೆ ಐದು ನಿಮಿಷ ಸ್ಟ್ರಾ ಅಭ್ಯಾಸ. ಬಾಟಲಿಗೆ ಅರ್ಧ ನೀರು ತುಂಬಿ, ಸ್ಟ್ರಾ ತುದಿಯನ್ನು 2-3 ಸೆಂ.ಮೀ. ಮುಳುಗಿಸಿ, ಕೆನ್ನೆ ಸಡಿಲ ಬಿಟ್ಟು, ಗುಳ್ಳೆ ಏಳಿಸುತ್ತಾ 'ಊ' ಅನ್ನುವುದು. ಮೊದಲು ಒಂದೇ ಶ್ರುತಿಯಲ್ಲಿ ಐದಾರು ಸಲ, ಆಮೇಲೆ ಕೆಳಗಿನಿಂದ ಮೇಲಕ್ಕೆ ಜಾರಿಸಿ ಮತ್ತೆ ಇಳಿಸುವುದು, ಕೊನೆಗೆ ಸ್ಟ್ರಾ ತೆಗೆದು ತುಟಿ ಮುಚ್ಚಿ 'ಮ್'. ತುಟಿ, ಮೂಗಿನ ಸುತ್ತ ಜುಮ್ಮೆನ್ನಬೇಕು. ಕೊಳವೆಯ ಇಕ್ಕಟ್ಟಿನಿಂದ ಗಾಳಿಯ ಒತ್ತಡ ಹಿಂದಕ್ಕೆ ತಿರುಗಿ ತಂತುಗಳನ್ನು ತುಸು ಬಿಡಿಸಿ ಹಿಡಿಯುವುದರಿಂದ ದನಿ ಹೊರಟರೂ ಬಡಿತ ಹಗುರ. ಗುಳ್ಳೆ ಬಂದು ದನಿಯೇ ಇಲ್ಲದಿದ್ದರೆ ಅದು ಬರೀ ಊದುವುದಾಯಿತು. ಕತ್ತಿನ ನರ ಉಬ್ಬಿದರೆ ಸ್ಟ್ರಾ ಆಳ ಹೋಗಿದೆ, ಮೇಲೆತ್ತಿ. ಪ್ಲಾಸ್ಟಿಕ್ ಸ್ಟ್ರಾ 2022ರಿಂದ ನಿಷಿದ್ಧ, ಕಾಗದದ್ದು ಮೆತ್ತಗಾಗುತ್ತದೆ, ಸ್ಟೀಲಿನದು ಒಳ್ಳೆಯದು.

ಕನ್ನಡದಲ್ಲಿ ಪಾಠ ಮಾಡುವವರು ಎರಡು ಕಡೆ ಎಚ್ಚರವಾಗಿರಬೇಕು. 'ಏಯ್', 'ಎಲ್ಲರೂ ಇಲ್ಲಿ ನೋಡಿ' ಎಂದು ಸ್ವರದಿಂದ ಶುರುವಾಗುವ ಮಾತನ್ನು ಗದರಿಸಿ ಹೇಳಿದರೆ ತಂತುಗಳು ಮೊದಲೇ ಬಿಗಿಯಾಗಿ ಮುಚ್ಚಿಕೊಂಡು ಫಟ್ಟನೆ ತೆರೆಯುತ್ತವೆ. 'ಮಕ್ಕಳೇ, ಬೋರ್ಡ್ ನೋಡಿ' ಎಂದರೆ ಮಕಾರ ದನಿಯನ್ನು ಮೆತ್ತಗೆ ಎತ್ತಿಕೊಡುತ್ತದೆ. ಇನ್ನೊಂದು, ವಾಕ್ಯದ ಕೊನೆ. ನಮ್ಮಲ್ಲಿ ಕ್ರಿಯಾಪದ ಬರುವುದೇ ತುದಿಗೆ. ಅಷ್ಟರಲ್ಲಿ ಉಸಿರು ಮುಗಿದು ಗಂಟಲು ಹಿಂಡಿ ಮಾತು ಹೊರಡಿಸುತ್ತೇವೆ. ಪಠ್ಯಪುಸ್ತಕದ ಉದ್ದ ವಾಕ್ಯಗಳನ್ನು ಓದುವಾಗ ನಾನು ಮೊದಲೇ ಪೆನ್ಸಿಲ್ ಗೀಟು ಎಳೆದು ಉಸಿರಿನ ಜಾಗ ಗುರುತಿಸಿರುತ್ತೇನೆ.

ನೀರು ದಿನವಿಡೀ ಗುಟುಕು ಗುಟುಕಾಗಿ ಬೇಕು. ರಕ್ತದ ಮೂಲಕ ತಂತುಗಳಿಗೆ ತೇವ ಮುಟ್ಟಲು ಹೊತ್ತು ಹಿಡಿಯುತ್ತದೆ. ನೇರ ತಾಗುವುದು ಹಬೆ ಮಾತ್ರ: ಬರೀ ನೀರಿನದು, ಬಾಮ್ ಬೇಡ. ನೆಗಡಿಯ ಮಾತ್ರೆಗಳಲ್ಲಿ ಅನೇಕವು ಗಂಟಲನ್ನು ಒಣಗಿಸುತ್ತವೆ. ರಾತ್ರಿ ಉಂಡ ತಕ್ಷಣ ಮಲಗಿದರೆ ಹುಳಿ ಮೇಲೆ ಬಂದು ಬೆಳಿಗ್ಗೆ ದನಿ ಒಡೆದಿರುತ್ತದೆ. ಮೂರು ಗಂಟೆ ಅಂತರವಿರಲಿ. ಕಫ ಕಿತ್ತಂತೆ ಖ್ಖ್ ಎಂದು ಗಂಟಲು ಸರಿಮಾಡಿಕೊಳ್ಳುವ ಚಟಕ್ಕೆ ಮದ್ದು ಒಂದು ಗುಟುಕು ನೀರು. ದನಿ ಬಿದ್ದಾಗ ಬಲವಂತದ ಪಿಸುಮಾತೂ ಆಯಾಸವೇ, ಸುಮ್ಮನಿರುವುದು ಮೇಲು.

ವಾರಕ್ಕೊಮ್ಮೆ ಗಡಿಯಾರ ಹಿಡಿದು ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಒಂದೇ ಉಸಿರಿನಲ್ಲಿ 'ಸ್ಸ್' ಎಷ್ಟು ಸೆಕೆಂಡು, 'ಜ಼್ಜ಼್' (ಜ಼ಿಪ್ ಅನ್ನುವಾಗಿನ ಜ಼) ಎಷ್ಟು ಸೆಕೆಂಡು? ಎರಡೂ ಹೆಚ್ಚುಕಡಿಮೆ ಸಮ ಇರಬೇಕು. ಸ್ಸ್ 20 ಬಂದು ಜ಼್ಜ಼್ 14ಕ್ಕಿಂತ ಕೆಳಗಿಳಿದರೆ ತಂತುಗಳು ಸರಿಯಾಗಿ ಮುಚ್ಚುತ್ತಿಲ್ಲವೆಂಬ ಗುಮಾನಿ. ಮೂರು ವಾರವಾದರೂ ದನಿ ಒಡಕೇ ಉಳಿದರೆ ಇಎನ್‌ಟಿ ವೈದ್ಯರಲ್ಲಿ ಕ್ಯಾಮೆರಾ ಹಾಕಿ ನೋಡಿಸಬೇಕು. ಕೂಗುತ್ತಿದ್ದ ಹಾಗೇ ದನಿ ಥಟ್ಟನೆ ನಿಂತುಹೋದರೆ ಅಂದೇ ಹೋಗಬೇಕು. ತಂತುವಿನೊಳಗೆ ರಕ್ತ ಒಸರಿರಬಹುದು, ಅಲ್ಲಿಯವರೆಗೆ ಪೂರ್ತಿ ಮೌನ. ಗಂಟು ಕಂಡಿತೆಂದು ಆಪರೇಷನ್ನಿಗೆ ಹೆದರಬೇಕಿಲ್ಲ. ಕೂಗಾಟದಿಂದ ಆದ ಗಂಟಿಗೆ ಸಾಮಾನ್ಯವಾಗಿ ಮೊದಲ ಚಿಕಿತ್ಸೆ ಧ್ವನಿ ತರಬೇತಿಯೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಅದು ಸಿಗುತ್ತದೆ. ಹೋಗುವಾಗ ತರಗತಿಯಲ್ಲಿ ಪಾಠ ಮಾಡುತ್ತಿರುವ ಎರಡು ನಿಮಿಷದ ರೆಕಾರ್ಡಿಂಗ್ ಮೊಬೈಲಿನಲ್ಲಿರಲಿ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಯಾರೂ ತರಗತಿಯ ದನಿಯಲ್ಲಿ ಮಾತಾಡುವುದಿಲ್ಲ.