ಹಳೇ ಸೈಕಲ್ಲಿನ ತುಕ್ಕು ತೆಗೆಯಿರಿ, ಕ್ರೋಮ್ ಉಳಿಸಿಕೊಳ್ಳಿ

ಅಪ್ಪ ಹಾಲಿನ ಕ್ಯಾನು ಕಟ್ಟಿಕೊಂಡು ಕಾಕತಿಯಿಂದ ಬೆಳಗಾವಿಗೆ ಓಡಾಡಿದ ಸೈಕಲ್ಲು ಈಗ ನನ್ನ ಹತ್ತಿರ ಇದೆ. ನಮ್ಮೂರ ಮಳೆ ಜೂನಿನಲ್ಲಿ ಹಿಡಿದರೆ ಬೇಗ ಬಿಡುವುದಲ್ಲ, ಪಡಸಾಲೆಯೊಳಗೆ ನಿಲ್ಲಿಸಿದ ಗಾಡಿಗೂ ತುಕ್ಕು ಹತ್ತುತ್ತದೆ.

ಹತ್ತನೇ ತರಗತಿಯಲ್ಲಿದ್ದಾಗ ಇದೇ ಹ್ಯಾಂಡಲ್ಲಿಗೆ ಒರಟು ಎಮರಿ ಕಾಗದ ಹಚ್ಚಿ ತಿಕ್ಕಿದ್ದೆ. ಒಂದು ತಾಸಿನಲ್ಲಿ ತುಕ್ಕು ಹೋಯಿತು, ಮೇಲಿನ ಹೊಳೆಯುವ ಲೇಪವಾದ ಕ್ರೋಮೂ ಹೋಯಿತು. ಎಡಗೈ ಹಿಡಿಯುವಲ್ಲಿ ಅದರ ಕೆಳಗಿನ ಹಳದಿ ಛಾಯೆಯ ನಿಕಲ್ ಪದರ ಕಂಡಿತು, ಅಲ್ಲಲ್ಲಿ ಕಬ್ಬಿಣವೇ ಬಿಚ್ಚಿಕೊಂಡಿತು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಲೇತ್ ಕೆಲಸಕ್ಕೆ ಸೇರಿದ ಮೇಲೆಯೇ ಕಾರಣ ತಿಳಿದದ್ದು: ಇಂಥ ಕ್ರೋಮಿನ ಪದರ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತ ತೆಳು. ತಲೆಗೂದಲೇ ಸುಮಾರು 70 ಮೈಕ್ರಾನ್ ದಪ್ಪ. ಹಾಗಾಗಿ ಎಮರಿ, ತಂತಿ ಬ್ರಶ್ಶು, ಬಚ್ಚಲು ತೊಳೆಯುವ ಆ್ಯಸಿಡ್ಡು ಯಾವುದೂ ಕ್ರೋಮಿನ ಹತ್ತಿರ ಬರಬಾರದು.

ಮೊದಲು ಭಾಗಗಳನ್ನು ಬಿಚ್ಚಿ. ಎಡ ಪೆಡಲಿನ ಆಟಿ (ತಿರುಪಿನ ಸುತ್ತು) ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಪೆಡಲಿನ ತೋಳನ್ನು (ಕ್ರ್ಯಾಂಕು) ನಡುವಿನ ಅಚ್ಚಿಗೆ ಬಿಗಿಯುವ ಕಾಟರ್ ಪಿನ್ನಿಗೆ ಹಿಂದಿನ ದಿನವೇ ಎಣ್ಣೆ ಬಿಡಿ. ಅದರ ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮನಾಗಿ ನಿಲ್ಲಿಸಿ, ಕ್ರ್ಯಾಂಕಿನ ಕೆಳಗೆ ಕಬ್ಬಿಣದ ಪೈಪು ಆನಿಸಿ, ಒಂದೇ ಗಟ್ಟಿ ಏಟು ಕೊಡಿ. ಸಣ್ಣ ಸಣ್ಣ ಏಟು ಹಾಕುತ್ತ ಹೋದರೆ ಪಿನ್ನು ಅಗಲವಾಗಿ ಇನ್ನಷ್ಟು ಬಿಗಿಯುತ್ತದೆ.

ಎಲ್ಲವನ್ನೂ ಡೀಸೆಲ್ಲಿನಲ್ಲಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ತೊಳೆದು ಜಿಡ್ಡು ಬಿಡಿಸಿ, ಸಾಬೂನು ನೀರಿನಿಂದ ಇನ್ನೊಮ್ಮೆ ತೊಳೆಯಿರಿ. ಜಿಡ್ಡಿದ್ದಲ್ಲಿ ಮುಂದಿನ ಮದ್ದು ಹತ್ತುವುದಿಲ್ಲ.

ಈಗ ಹ್ಯಾಂಡಲ್ಲು. ರೊಟ್ಟಿ ಸುತ್ತುವ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ, ಹಗುರವಾಗಿ ತಿಕ್ಕಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗೆ, ಗೀರು ಬೀಳುವುದಿಲ್ಲ. ಕಂದು ಕೆಸರು ಬಿಡುತ್ತಿದ್ದಂತೆ ಬಟ್ಟೆಯಿಂದ ಒರೆಸಿ ನೋಡುತ್ತಾ ಹೋಗಿ. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಉಳಿದಾವು. ಅಲ್ಲಿ ಪದರ ತೂತಾಗಿದೆ, ತಿಕ್ಕುವುದನ್ನು ನಿಲ್ಲಿಸಿ.

ಲೇಪ ಇಲ್ಲದ ಕಬ್ಬಿಣದ ಬೋಲ್ಟು, ನಟ್ಟುಗಳಿಗೆ ಸಿಟ್ರಿಕ್ ಆ್ಯಸಿಡ್: ಒಂದು ಲೀಟರ್ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಡಬ್ಬಿಯಲ್ಲಿ. ತಾಸಿಗೊಮ್ಮೆ ತೆಗೆದು ನೋಡಿ. ಆಮೇಲೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಅದ್ದಿ, ತೊಳೆದು, ಒರೆಸಿ, ಕೂಡಲೇ ಎಣ್ಣೆ ಹಚ್ಚಬೇಕು. ಚಹಾ ಕುಡಿದು ಬಂದು ಹಚ್ಚಿದರಾಯಿತು ಅಂದುಕೊಂಡರೆ ಅಷ್ಟರಲ್ಲೇ ಹೊಸ ತುಕ್ಕಿನ ಕೆಂಪು ಏರಿರುತ್ತದೆ. ಬೆಲ್ಲಿಗೆ ಅಯಸ್ಕಾಂತ ಹಿಡಿಯಿರಿ. ಅಂಟದೆ, ಗೀರಿದ ಕಡೆ ಹಳದಿ ಕಂಡರೆ ಅದು ಹಿತ್ತಾಳೆ, ಹುಣಸೆಹಣ್ಣು ಉಪ್ಪು ಸಾಕು.

ಕೊನೆಗೆ ಕ್ರೋಮಿಗೆಲ್ಲ ಕಾರಿನ ಮೇಣ ಹಚ್ಚಿ, ರಿಮ್ಮಿನ ಒಳಮೈ ಮಾತ್ರ ಬಿಡಿ. ರಾಡ್ ಬ್ರೇಕಿನ ರಬ್ಬರು ಹಿಡಿಯುವುದು ಅಲ್ಲೇ, ಮೇಣ ಬಿದ್ದರೆ ಗಾಡಿ ನಿಲ್ಲುವುದಿಲ್ಲ.

ಅಪ್ಪನ ಹ್ಯಾಂಡಲ್ಲಿನ ಎಡಭಾಗಕ್ಕೆ ಪ್ರತಿ ಮೇ ತಿಂಗಳು ಎರಡು ಸಲ ಮೇಣ ಹಚ್ಚುತ್ತೇನೆ. ಅಲ್ಲಿ ಹೊಳಪು ಬರುವುದಿಲ್ಲ, ತುಕ್ಕು ಬಾರದಿದ್ದರೆ ಸಾಕು.