ಹೊಸ ಸ್ಟೀಲ್ ಬಾಟಲಿಯ ವಾಸನೆ ಹೋಗಲಾಡಿಸಿದ ಬಗೆ: ನನ್ನ ಅನುಭವ

ಶಾಲೆಗೆ ಹೋಗುವ ಮಕ್ಕಳಿರುವ ಮನೆಯಾದ್ದರಿಂದ ಪ್ರತಿ ಜೂನ್‌ ತಿಂಗಳಲ್ಲಿ ನಮ್ಮಲ್ಲಿಗೆ ಹೊಸ ನೀರಿನ ಬಾಟಲಿಗಳು ಬರುತ್ತವೆ. ವಾಸನೆ ಹೊಡೆಯುವ ಬಾಟಲಿಯ ನೀರನ್ನು ಮಕ್ಕಳು ಮುಟ್ಟುವುದಿಲ್ಲ; ಸಂಜೆ ತುಂಬಿದ ಬಾಟಲಿಯೇ ವಾಪಸು ಬರುತ್ತದೆ. ದಿನವಿಡೀ ನೀರು ಕುಡಿಯದ ಮಗುವಿನ ಒಣಗಿದ ತುಟಿ ನೋಡಿದ ಮೇಲೆ ಇದನ್ನು ಸಣ್ಣ ವಿಷಯವೆಂದು ಬಿಡಲು ನನಗೆ ಮನಸ್ಸಾಗಲಿಲ್ಲ.

ತೊಳೆಯುವ ಮೊದಲು ನಾನು ಬಾಟಲಿಯನ್ನು ಬಿಚ್ಚಿ ಒಂದೊಂದು ಭಾಗವನ್ನೂ ಬೇರೆಯಾಗಿ ಮೂಸಿ ನೋಡುತ್ತೇನೆ. ಶೇ. 18 ಕ್ರೋಮಿಯಂ, ಶೇ. 8 ನಿಕಲ್ ಇರುವ 304 ದರ್ಜೆಯ ಸ್ಟೀಲಿಗೆ ತನ್ನದೇ ಆದ ವಾಸನೆ ಇರುವುದಿಲ್ಲ. ನನ್ನ ಕೈಗೆ ಬಂದ ಬಾಟಲಿಗಳಲ್ಲಿ ಹೆಚ್ಚಿನವುಗಳ ವಾಸನೆ ಮುಚ್ಚಳದೊಳಗಿನ ಸಿಲಿಕೋನ್ ವಾಷರ್‌ನದ್ದೇ ಆಗಿತ್ತು. ಚಮಚದ ಹಿಡಿಯ ತುದಿಯಿಂದ ವಾಷರನ್ನು ಮೆಲ್ಲಗೆ ಎಬ್ಬಿಸಿ ತೆಗೆದು, ಹತ್ತು ನಿಮಿಷ ನೀರಿನಲ್ಲಿ ಕುದಿಸಿ, ಬಿಸಿಲಿನಲ್ಲಿ ಪೂರ್ತಿ ಒಣಗಿಸುತ್ತೇನೆ. ವಾಸನೆ ಉಳಿದರೆ ಮತ್ತೆ ಕುದಿಸುತ್ತೇನೆ. ಘಮಘಮಿಸುವ ಪಾತ್ರೆ ಸೋಪನ್ನು ಇದಕ್ಕೆ ಹಾಕಬಾರದು, ಏಕೆಂದರೆ ಸಿಲಿಕೋನ್ ಆ ಪರಿಮಳವನ್ನು ಹೀರಿಕೊಂಡು ಆಮೇಲೆ ಕುಡಿಯುವ ನೀರಿಗೆ ಬಿಡುತ್ತದೆ.

ಬಾಟಲಿಯ ಒಳಮೈಯಲ್ಲಿ ಕಾರ್ಖಾನೆಯ ಪಾಲಿಶ್ ಉಳಿದಿರುವುದೂ ಉಂಟು. ಬಿಳಿ ಬಟ್ಟೆಗೆ ಸ್ವಲ್ಪ ಅಡುಗೆ ಎಣ್ಣೆ ಸವರಿ, ಉದ್ದನೆಯ ಬ್ರಷ್‌ಗೆ ಸುತ್ತಿ ಒಳಗೆ ತಿರುಗಿಸಿದರೆ ಕೆಲವು ಬಾಟಲಿಗಳಲ್ಲಿ ಬಟ್ಟೆಗೆ ಬೂದುಗಪ್ಪು ಬಣ್ಣ ಹತ್ತುತ್ತದೆ. ಬರೀ ನೀರಿಗೆ ಬಿಡದ ಈ ಜಿಡ್ಡು ಎಣ್ಣೆಗೆ ಬಿಡುತ್ತದೆ. ಬಟ್ಟೆ ಬೆಳ್ಳಗೇ ಬರುವವರೆಗೆ ಒರೆಸಿ, ಬಿಸಿನೀರು ಮತ್ತು ಸೋಪಿನಿಂದ ಎಣ್ಣೆಯ ಪಸೆ ಹೋಗುವಂತೆ ತೊಳೆಯುತ್ತೇನೆ. ನಂತರ ಒಂದು ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ತುಂಬಿ, ಮುಚ್ಚಳ ಹಾಕದೆ ರಾತ್ರಿಯಿಡೀ ಇಡುತ್ತೇನೆ. ಸೋಡಾದ ಜೊತೆಗೇ ನಿಂಬೆರಸ ಸೇರಿಸುವ ಅಭ್ಯಾಸ ಹಲವರಲ್ಲಿದೆ. ಎರಡೂ ಒಂದನ್ನೊಂದು ತಟಸ್ಥಗೊಳಿಸುವುದರಿಂದ ಪ್ರಯೋಜನ ಕುಗ್ಗುತ್ತದೆ, ಮುಚ್ಚಳ ಬಿಗಿದಿದ್ದರೆ ಹುಟ್ಟುವ ಅನಿಲದ ಒತ್ತಡದಿಂದ ಅದು ಸಿಡಿಯಲೂಬಹುದು. ಬ್ಲೀಚಿಂಗ್ ಪುಡಿಯನ್ನಂತೂ ದೂರವೇ ಇಡಬೇಕು, ಅದರ ಕ್ಲೋರಿನ್ ಸ್ಟೀಲಿನಲ್ಲಿ ಸಣ್ಣ ಗುಳಿಗಳನ್ನು ಮಾಡುತ್ತದೆ.

ಇಷ್ಟಾದರೂ ನೀರಿನ ರುಚಿ ಸರಿಯಿಲ್ಲವೆನಿಸಿದರೆ, ಅದೇ ನೀರನ್ನು ಹಳೆಯ ಸ್ಟೀಲ್ ಲೋಟದಲ್ಲಿ ತುಂಬಿ ತಟ್ಟೆ ಮುಚ್ಚಿ, ಬಾಟಲಿಯ ಪಕ್ಕದಲ್ಲೇ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಎರಡನ್ನೂ ಕುಡಿದು ನೋಡುತ್ತೇನೆ. ನಲ್ಲಿ ನೀರಿನ ಕ್ಲೋರಿನ್ ವಾಸನೆಯನ್ನು ಬಾಟಲಿಯ ತಲೆಗೆ ಕಟ್ಟುವುದು ಇದರಿಂದ ತಪ್ಪುತ್ತದೆ. ಲೋಟದ ನೀರು ಚೆನ್ನಾಗಿದ್ದು ಬಾಟಲಿಯದು ಮಾತ್ರ ಕೆಟ್ಟಿದ್ದರೆ ಮುಚ್ಚಳದ ಪ್ಲಾಸ್ಟಿಕ್ಕನ್ನೇ ಅನುಮಾನಿಸುತ್ತೇನೆ. ಅದನ್ನು ಕೆಲವು ದಿನ ಗಾಳಿಯಾಡುವ ಕಡೆ ತೆರೆದಿಡುತ್ತೇನೆ. ಆಮೇಲೂ ಬಿಸಿನೀರು ತಾಗಿದೊಡನೆ ಮೂಗಿಗೆ ಹೊಡೆಯುವ ಪ್ಲಾಸ್ಟಿಕ್ ಆಗಿದ್ದರೆ ಅಂಗಡಿಗೆ ಹಿಂತಿರುಗಿಸುತ್ತೇನೆ. ಅಂಥ ಮುಚ್ಚಳವನ್ನು ಮಕ್ಕಳ ಬಾಯಿಗೆ ಕೊಡಲು ನಾನು ಒಪ್ಪುವುದಿಲ್ಲ. ಈಗ ಕೊಳ್ಳುವಾಗಲೇ ವಾಷರ್ ಬಿಚ್ಚಲು ಬರುತ್ತದೆಯೇ, ಬಿಡಿಯಾಗಿ ಸಿಗುತ್ತದೆಯೇ ಎಂದು ಅಂಗಡಿಯವರನ್ನು ಕೇಳಿ, ಅಂಟಿಸಿದ ವಾಷರ್ ಇರುವ ಬಾಟಲಿಯನ್ನು ಅಲ್ಲಿಯೇ ಬಿಟ್ಟು ಬರುತ್ತೇನೆ.