ಒಂದು ಹಗಲಿನ ಮಾಹೆ: ಆ ಊರಿನವರ ಜೊತೆ ನೋಡುವ ಬಗೆ

ಉಡುಪಿ ಕಡೆಯವರಿಗೆ ‘ಮಾಹೆ’ ಎಂದರೆ ಮಣಿಪಾಲದ ವಿಶ್ವವಿದ್ಯಾಲಯವೇ ನೆನಪಿಗೆ ಬರುವುದು ಸಹಜ. ನಾನು ಹೇಳಹೊರಟಿರುವುದು ಮಂಗಳೂರಿನಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, ತಲಶ್ಶೇರಿ ಮತ್ತು ವಡಕರದ ನಡುವೆ ಇರುವ, ನಡುನಡುವೆ ಇಂಗ್ಲಿಷರ ಕೈಸೇರಿದ ವರ್ಷಗಳನ್ನು ಬಿಟ್ಟರೆ 1721ರಿಂದ 1954ರವರೆಗೂ ಫ್ರೆಂಚರ ಆಳ್ವಿಕೆಯಲ್ಲಿದ್ದ ಪಟ್ಟಣದ ಬಗ್ಗೆ. ಮಲಯಾಳದಲ್ಲಿ ಇದು ಮಯ್ಯಳಿ. ಒಟ್ಟು ವಿಸ್ತೀರ್ಣ 9 ಚದರ ಕಿಲೋಮೀಟರ್ ಅಷ್ಟೇ. ಪಟ್ಟಿ ಹಿಡಿದುಕೊಂಡು ಒಬ್ಬರೇ ಹೋದರೆ ಎರಡು ಗಂಟೆಯಲ್ಲಿ ನೋಡಿ ಮುಗಿಯುತ್ತದೆ, ನನಗೆ ಮೊದಲ ಸಲ ಆದದ್ದೂ ಹಾಗೆಯೇ. ಆದ್ದರಿಂದ ಅಲ್ಲಿನ ಪರಿಚಯದವರಿಗೆ ಮೊದಲೇ ತಿಳಿಸಿ, ದಿನದ ಕ್ರಮವನ್ನು ಅವರಿಗೇ ಬಿಟ್ಟುಬಿಡುವುದು ಒಳ್ಳೆಯದು.

ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ರೈಲು ಹಿಡಿಯಬೇಕು. ಎಲ್ಲ ರೈಲುಗಳೂ ಮಾಹೆಯಲ್ಲಿ ನಿಲ್ಲುವುದಿಲ್ಲವಾದ್ದರಿಂದ, ಅಗತ್ಯ ಬಿದ್ದರೆ ತಲಶ್ಶೇರಿಯಲ್ಲಿ ಇಳಿದು ಬಸ್ಸಿನಲ್ಲಿ ಹೋಗಬಹುದು. ಬರಿಗೈಯಲ್ಲಿ ಹೋಗಬಾರದು. ಗೋಳಿಬಜೆ ದಾರಿಯಲ್ಲೇ ತಣಿದು ಮೆತ್ತಗಾಗುತ್ತದೆ. ಕೋರಿ ರೊಟ್ಟಿಯ ಕಟ್ಟು ಹೇಗೂ ತಲುಪುತ್ತದೆ, ಎರಡು ತುಂಡಾದರೂ ನಷ್ಟವಿಲ್ಲ, ಹೇಗಿದ್ದರೂ ಮುರಿದೇ ತಿನ್ನುವುದಲ್ಲವೇ!

ಬಿಸಿಲೇರುವ ಮೊದಲು ಸಂತ ತೆರೇಸಾ ದೇವಾಲಯಕ್ಕೆ ಹೋಗಬೇಕು. ಕಾರ್ಕಳದ ಅತ್ತೂರು ಚರ್ಚಿನ ಹಬ್ಬಕ್ಕೆ ನಮ್ಮಲ್ಲಿ ಎಲ್ಲ ಜಾತಿಯವರೂ ಸೇರುವಂತೆ ಇಲ್ಲಿನ ಅಕ್ಟೋಬರ್ ಹಬ್ಬಕ್ಕೂ ಜನ ಸೇರುತ್ತಾರೆ, ಆ ದಿನಗಳಲ್ಲಿ ಸಾವಕಾಶವಾಗಿ ಊರು ನೋಡುವುದು ಕಷ್ಟ.

ಮಧ್ಯಾಹ್ನದ ಊಟವನ್ನು ಮನೆಯಲ್ಲೇ ಮಾಡಬೇಕು, ಹೋಟೆಲಿಗೆ ಕರೆದೊಯ್ಯುತ್ತೇವೆ ಎಂದರೆ ವಿನಯದಿಂದ ಬೇಡವೆನ್ನಬೇಕು. ಮೀನು ತಿನ್ನುವವರಾದರೆ ಕಲ್ಲುಮ್ಮಕಾಯ, ಅಂದರೆ ನಮ್ಮ ಪಚ್ಚಿಲೆ, ಮಾಡುವುದನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತಾದರೂ ನೋಡಬೇಕು. ಚಿಪ್ಪು ಬಿಡಿಸಿ, ಒಳಗೆ ತೆಂಗಿನಕಾಯಿ ಸೇರಿಸಿ ರುಬ್ಬಿದ ಅಕ್ಕಿಹಿಟ್ಟು ತುಂಬಿ, ಹಬೆಯಲ್ಲಿ ಬೇಯಿಸಿ, ಆಮೇಲೆ ಚಿಪ್ಪಿನಿಂದ ಬೇರ್ಪಡಿಸಿ, ಮೆಣಸಿನ ಮಸಾಲೆ ಹಚ್ಚಿ ಕಾಯಿಸುತ್ತಾರೆ. ಮನೆಯ ಹಿರಿಯರು ಮಾತಿಗೆ ಸಿಗುವುದೂ ಈ ಹೊತ್ತಿನಲ್ಲೇ. 1954ರ ಜುಲೈ 16ರಂದು ಫ್ರೆಂಚರು ಊರು ಬಿಟ್ಟದ್ದನ್ನೂ, ಸುತ್ತಲೂ ಕೇರಳವೇ ಇದ್ದರೂ ಮತ ಹಾಕುವುದು ದೂರದ ಪುದುಚೇರಿಯ ವಿಧಾನಸಭೆಗೆ ಎಂಬುದನ್ನೂ ಕೇಳಿನೋಡಿ. ಉತ್ತರ ಸುಲಭಕ್ಕೆ ಮುಗಿಯುವುದಿಲ್ಲ.

ಸಂಜೆ ಹೊಳೆಬದಿಯ ಟಾಗೋರ್ ಉದ್ಯಾನ. ಫ್ರೆಂಚ್ ಕ್ರಾಂತಿಯ ಶತಮಾನೋತ್ಸವದ ನೆನಪಿಗೆ 1889ರಲ್ಲಿ ನಿಲ್ಲಿಸಿದ, ಫ್ರೆಂಚ್ ಗಣರಾಜ್ಯದ ಸಂಕೇತವಾದ ಮೇರಿಯಾನ್ ಎಂಬ ಹೆಣ್ಣಿನ ಪ್ರತಿಮೆ ಅಲ್ಲಿದೆ. ಅಳಿವೆಯನ್ನು ನೋಡುತ್ತ ನಿಂತಾಗ ಮಂಗಳೂರಿನವರು ನೆನೆಯಬೇಕಾದ ಸಂಗತಿಯೊಂದಿದೆ. ಹೈದರಾಲಿಗೆ ಫ್ರೆಂಚರ ಯುದ್ಧಸಾಮಗ್ರಿ ಬರುತ್ತಿದ್ದುದು ಈ ಬಂದರಿನಿಂದ. 1779ರಲ್ಲಿ ಇಂಗ್ಲಿಷರು ಇದನ್ನು ಕಿತ್ತುಕೊಂಡದ್ದು ಎರಡನೇ ಮೈಸೂರು ಯುದ್ಧಕ್ಕೆ ಒಂದು ಕಾರಣವಾಯಿತು. ಆ ಯುದ್ಧ ಮುಗಿದದ್ದು 1784ರಲ್ಲಿ, ನಮ್ಮ ಮಂಗಳೂರಿನ ಒಪ್ಪಂದದಿಂದ.

ಮರಳುವಾಗ ಒಂದು ಎಚ್ಚರಿಕೆ ಬೇಕು. ಮದ್ಯ ಇಲ್ಲಿ ಅಗ್ಗ, ಅಂಗಡಿಗಳೂ ಸಾಲುಸಾಲು. ಆದರೆ ಮಾಹೆಯ ರೈಲು ನಿಲ್ದಾಣ ಇರುವುದು ಕೇರಳದ ನೆಲದಲ್ಲಿ, ಅಲ್ಲಿಗೆ ಬಾಟಲಿ ಒಯ್ಯುವುದು ಅಬಕಾರಿ ಅಪರಾಧ. ಚೀಲದಲ್ಲಿ ಮನೆಯವರು ಕಟ್ಟಿಕೊಟ್ಟ ಬಾಳೆಕಾಯಿ ಉಪ್ಪೇರಿ ಮಾತ್ರ ಇರಲಿ.